ಗುಡಿಸು ಅಂದರೆ ಹೋಗು, ಬಿಡು ಅಂದರೆ ನಿಲ್ಲು

ಜನವರಿ 7

ಕೆಟ್ಟ ಕನಸು ಬಿತ್ತು. ನನ್ನ ಗಂಡ ನೆಸ್ಟರ್ ಬಿಳೀ ಇಳಿಜಾರಿನಲ್ಲಿ ಜಾರಿಕೊಂಡು ಹೋಗುತ್ತಿದ್ದ. ಕಾಲಿಗೆ ಸ್ಕೀ ಹಲಗೆ ಇಲ್ಲ, ಮನೆಯೊಳಗೆ ಮೆಟ್ಟುವ ಹಳೇ ಚಪ್ಪಲಿ. ನನಗೆ ಅವನ ಬೆನ್ನು, ಕೆಂಪು ಉಣ್ಣೆ ಟೋಪಿ ಮಾತ್ರ ಕಾಣುತ್ತಿತ್ತು. ಇಳಿಜಾರು ಮುಗಿಯುವ ಕಡೆ ನೆಲವೇ ಇರಲಿಲ್ಲ. ಕೂಗೋಣವೆಂದರೆ ನನ್ನ ಬಾಯಿತುಂಬ ನಿನ್ನೆ ಹಬ್ಬದೂಟಕ್ಕೆ ಮಾಡಿದ್ದ ಕುತ್ಯಾ. ಬೇಯಿಸಿದ ಗೋಧಿ, ಗಸಗಸೆ, ಜೇನು. ನುಂಗಿದಷ್ಟೂ ಮತ್ತೆ ತುಂಬಿಕೊಳ್ಳುತ್ತಿತ್ತು.

ಎದ್ದು ಬಂದರೆ ಅವನು ಅಡುಗೆಮನೆಯಲ್ಲಿ ಲೋಟದ ಅಂಚಿನೊಳಗೆ ಬೆರಳಿಟ್ಟುಕೊಂಡು ಕಾಫಿ ಬಗ್ಗಿಸುತ್ತಿದ್ದ. ಬೆರಳಿಗೆ ಬಿಸಿ ತಾಗಿದರೆ ಲೋಟ ತುಂಬಿತೆಂದು ಅರ್ಥ. ನಾನು ಪಾತ್ರೆ ಕಿತ್ತುಕೊಂಡೆ.

"ಬೆರಳು ಸುಟ್ಕೋತೀಯ."

"ನನ್ ಬೆರಳು ತಾನೇ?"

ಕನಸಿಗೆ ಕಾರಣ ಗೊತ್ತಿದೆ. ನಿನ್ನೆ ಹನ್ನೆರಡು ಬಗೆಯ ಊಟ ಮುಗಿದ ಮೇಲೆ, ಪಕ್ಕದ ಮನೆಯ ಬರ್ನೀಸ್ ಎದುರಿಗೇ ಹೇಳಿಬಿಟ್ಟ: "ಈ ಚಳಿಗಾಲ ನಾನು ಬೆಟ್ಟಕ್ಕೆ ಹೋಗ್ತೀನಿ. ಸ್ಕೀ ಮಾಡ್ತೀನಿ." ನಾನು ನಕ್ಕೆ. ಅವನು ನಗಲಿಲ್ಲ. ಅರವತ್ತಾರು ವರ್ಷ ಈ ಬಯಲಿನಲ್ಲೇ ಕಳೆದವನು. ಬೆಟ್ಟ ಪಡುವಲಿಗೆ ಒಂದು ದಿನದ ದಾರಿ, ಅಷ್ಟೇ. ಆದರೂ ನೋಡಿಲ್ಲ. ಮೊದಲು ಅಪ್ಪನ ಹೊಲ, ಆಮೇಲೆ ಧಾನ್ಯದ ಗೋದಾಮಿನ ಕೆಲಸ, ಮುಂದಿನ ವರ್ಷ, ಮುಂದಿನ ವರ್ಷ. ಈಗ ಕಣ್ಣಿನ ಡಾಕ್ಟರು ಹೇಳಿದ್ದಾರೆ, ಎರಡೂ ಕಣ್ಣಿನ ನಡುಭಾಗ ಹೋಗುತ್ತಿದೆ, ಅಂಚು ಮಾತ್ರ ಉಳಿಯುತ್ತದೆ ಎಂದು. ಬಲಗಣ್ಣಿನ ನಡು ಆಗಲೇ ಹೋಗಿದೆ.

ಕಾಲು ಮುರಿದರೆ? ಮರಕ್ಕೆ ಹೊಡೆದರೆ? ಬೇರೆಯವರು ಬಂದು ಇವನಿಗೆ ಹೊಡೆದರೆ? ದಾರಿಯಲ್ಲೇ ಹಿಮಗಾಳಿ ಎದ್ದರೆ? ಅಲ್ಲಿನ ತೆಳುಗಾಳಿಗೆ ಇವನ ಎದೆ ಹಿಡಿದುಕೊಂಡರೆ? ತಲೆಯಲ್ಲಿ ತಿರುಗುವುದಕ್ಕಿಂತ ಇಲ್ಲಿರಲಿ ಎಂದು ಬರೆಯುತ್ತಿದ್ದೇನೆ. ಬೀಜದ ಕಂಪನಿಯವರು ಸುಮ್ಮನೆ ಹಂಚಿದ ಡೈರಿ ಇದು. ಬದಿಯಲ್ಲಿ ಚಳಿ ಎಷ್ಟು, ಹಿಮ ಎಷ್ಟು, ಬಿತ್ತಿದ್ದೇನು ಎಂದು ಬರೆಯಲು ಖಾಲಿ ಚೌಕಗಳಿವೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ಇರಲಿ. ಓದಬಹುದಾಗಿದ್ದವನು ಒಬ್ಬನೇ, ಅವನಿಗೂ ಈಗ ಅಕ್ಷರ ಕಾಣುವುದಿಲ್ಲ.

ಚಳಿ: ಸೊನ್ನೆಗಿಂತ 31 ಕೆಳಗೆ.

ಜನವರಿ 9

ಬರ್ನೀಸ್ ನಂಬರು ಹುಡುಕಿಕೊಟ್ಟಳು. ಕಣ್ಣು ಕಾಣದವರಿಗೆ ಸ್ಕೀ ಕಲಿಸುವವರು ಆ ಬೆಟ್ಟದಲ್ಲಿ ಇದ್ದಾರಂತೆ. ಇಲ್ಲ ಎನ್ನಿಸಿಕೊಂಡರೆ ನೆಸ್ಟರ್‌ಗೆ ಹೇಳಲು ಸುಲಭ ಎಂದುಕೊಂಡೇ ಫೋನ್ ಮಾಡಿದೆ. ಎತ್ತಿದ್ದು ಮಿರೇಯ್ ಎಂಬ ಹೆಂಗಸು. ಕ್ವಿಬೆಕ್ ಕಡೆಯವಳು, ಮಾತು ಬೇಗ ಬೇಗ, ಹಾಡಿನ ಹಾಗೆ.

"ಬರಲಿ ಬರಲಿ. ಹೋದ ವರ್ಷ ಎಪ್ಪತ್ತೊಂಬತ್ತು ವರ್ಷದ ಅಜ್ಜ ಬಂದಿದ್ರು. ಎದೆಗೆ ಕಿತ್ತಳೆ ಬಣ್ಣದ ಅಂಗಿ ಹಾಕಿಸ್ತೀವಿ, ಬೇರೆಯವರು ದೂರ ಇರ್ತಾರೆ. ನಾನು ಹಗ್ಗ ಹಿಡಿದು ಹಿಂದೆ ಇರ್ತೀನಿ. ಮಕ್ಕಳು ಕಲಿಯೋ ಇಳಿಜಾರು ಅಷ್ಟೇ."

"ಕಾಲು ಮುರಿದ್ರೆ?"

"ಅದಕ್ಕೇ ಕೊಂಡಿ ಇರೋದು, ಆಲ್ವಿನಾ ಅವರೇ." ಬೂಟನ್ನು ಹಲಗೆಗೆ ಹಿಡಿದಿಡುವ ಕೊಂಡಿ ಅದಂತೆ. ಬಿದ್ದಾಗ ತಾನಾಗಿಯೇ ಬಿಟ್ಟುಕೊಳ್ಳಬೇಕು, ಬಿಡದಿದ್ದರೆ ಕಾಲು ಮುರಿಯುತ್ತದೆ. ಬೀಳದೆ ಇರುವಾಗ ಬಿಡಬಾರದು, ಬಿಟ್ಟರೆ ಸುಮ್ಮನೆ ಹೋಗುತ್ತಿದ್ದವರೂ ಬೀಳುತ್ತಾರೆ. ಅದನ್ನು ತೂಕ ನೋಡಿ ಬಿಗಿ ಮಾಡುತ್ತಾರೆ, ತೂಕ ಹೆಚ್ಚಿದಷ್ಟೂ ಬಿಗಿ ಹೆಚ್ಚು. "ತೂಕ ಮಾತ್ರ ಸರಿಯಾಗಿ ಬರೀರಿ. ಎಲ್ಲರೂ ಅಲ್ಲೇ ಸುಳ್ಳು ಹೇಳೋದು."

"ನಮ್ಮನೇಲಿ ಯಾರೂ ಸುಳ್ಳು ಹೇಳಲ್ಲ."

"ನೀವೂ ಸ್ಕೀ ಮಾಡ್ತೀರಾ?"

"ದೇವರೇ, ಇಲ್ಲ. ನಾನು ಒಳಗೆ ಬೆಂಕಿ ಹತ್ರ ಕೂತ್ಕೋತೀನಿ."

ಮಾರ್ಚ್ 4ಕ್ಕೆ ಹೆಸರು ಬರೆದುಕೊಂಡಳು. ನಾನು ಬೇಡ ಅನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಳು. ಇನ್ನೂ ಎರಡು ತಿಂಗಳಿದೆ. ಅಷ್ಟರಲ್ಲಿ ಅವನ ಮನಸ್ಸೇ ಬದಲಾಗಬಹುದು.

ಜನವರಿ 16

ಬೀಜದ ಅಂಗಡಿಯ ತೂಕದ ಯಂತ್ರದ ಮೇಲೆ ನೆಸ್ಟರ್‌ನನ್ನು ನಿಲ್ಲಿಸಿದೆ. ಕೋಟು ಬಿಚ್ಚಿಸಿ ಒಮ್ಮೆ, ಬೂಟು ಬಿಚ್ಚಿಸಿ ಒಮ್ಮೆ. 171 ಪೌಂಡ್. ನಿನ್ನೆ ರಾತ್ರಿಯೂಟಕ್ಕೆ ಆಲೂಗಡ್ಡೆ ತುಂಬಿದ ಹದಿನಾಲ್ಕು ಪೆರೋಗಿ ಕಡುಬು ತಿಂದಿದ್ದನಲ್ಲ, ಅದು ಸೇರಿದೆಯೋ ಏನೋ. ಮುಂದಿನ ವಾರ ಇನ್ನೊಮ್ಮೆ ನೋಡಬೇಕು.

"ಮಾರೋಕೆ ಕರ್ಕೊಂಡು ಬಂದ್ಯಾ ನನ್ನ?" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಂತರ "ಈಗ ನೀನು ಹತ್ತು" ಎಂದ. ನನಗೆ ಮಂಜುಗಡ್ಡೆ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಅಂಗಳದ ಕ್ಯಾಂಟೀನಿನಲ್ಲಿ ಈರುಳ್ಳಿ ಹುರಿಯುವುದಿದೆ, ತಡವಾಯಿತು ಎಂದು ಹೊರಟುಬಿಟ್ಟೆ.

ಜನವರಿ 27

ಬೇಡ ಬೇಡ ಅಂದರೂ ಹರಾಜಿಗೆ ಹೋಗಿ ಸ್ಕೀ ತಂದಿದ್ದಾನೆ. ಊರಾಚೆ ತೀರಿಕೊಂಡ ನಾರ್ವೆಯ ಒಂಟಿ ಮುದುಕನ ಮನೆ ಸಾಮಾನು. ಮರದ್ದು, ಉದ್ದ, ತೆಳ್ಳಗೆ. ಎರಡು ಜೊತೆ.

"ಎರಡ್ಯಾಕೆ?"

"ಜೊತೆಗೇ ಕಟ್ಟಿಟ್ಟಿದ್ರು. ಬಿಚ್ಚಿ ಒಂದೇ ಕೊಡಿ ಅನ್ನೋಕಾಗುತ್ತಾ?"

ಬೂಟು ಕಾಲ್ಬೆರಳಿನ ಕಡೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿ ಆಡುತ್ತದೆ. ಇದು ಸರಿಯೇ ಎಂದು ಕೇಳಿದೆ. ಅಪ್ಪಟ ನಾರ್ವೆ ಮಾಲು, ಸರಿಯಾಗೇ ಇರುತ್ತೆ ಎಂದ. ಗ್ಯಾರೇಜಿನಲ್ಲಿ ಕೂತು ಮುಟ್ಟಿ ಮುಟ್ಟಿ ನೋಡುತ್ತಾ ಮೇಣ ಉಜ್ಜುತ್ತಿದ್ದಾನೆ. ಶರತ್ಕಾಲದಿಂದ ಈಚೆಗೆ ಅವನು ಸಿಳ್ಳೆ ಹಾಕಿದ್ದು ಕೇಳಿರಲಿಲ್ಲ.

ಫೆಬ್ರವರಿ 2

ನಮ್ಮೂರಲ್ಲಿ ಇರುವ ಗುಡ್ಡ ಒಂದೇ, ಹಳೇ ಕಸದ ರಾಶಿಗೆ ಮಣ್ಣು ಮುಚ್ಚಿದ್ದು. ಮಕ್ಕಳು ಜಾರುವ ಹಲಗೆ ತೆಗೆದುಕೊಂಡು ಹೋಗುತ್ತಾರೆ. ಮಧ್ಯಾಹ್ನ ಶಾಲೆ ಬಿಡುವ ಮೊದಲು ನೆಸ್ಟರ್, ನಾನು, ಬರ್ನೀಸ್ ಹೋದೆವು. ನಾನು ಕೆಳಗೆ ನಿಂತೆ. ಬಿದ್ದರೆ ಹಿಡಿಯಲು. ಹೇಗೆ ಹಿಡಿಯುತ್ತಿದ್ದೆನೋ ಗೊತ್ತಿಲ್ಲ.

ಹೊರಟ. ಹಿಮ್ಮಡಿ ಎರಡೂ ಮೇಲೆದ್ದವು. ಕೋಳಿ ನೀರು ಕುಡಿಯುವ ಹಾಗೆ ಮುಂದಕ್ಕೆ ಬಾಗಿ ಮೂಗಿನ ಮೇಲೆ ಬಿದ್ದ. ಬರ್ನೀಸ್ ನಕ್ಕು ನಕ್ಕು ಹಿಮದಲ್ಲೇ ಕೂತಳು.

"ಅಯ್ಯೋ ನೆಸ್ಟರ್, ಇದು ಬಯಲಲ್ಲಿ ನಡ್ಕೊಂಡು ಹೋಗೋ ಸ್ಕೀ ಕಣೋ! ಆ ಮುದುಕ ಅಂಚೆ ತರೋಕೆ ಹೋಗ್ತಿದ್ದಿದ್ದು ಇದರಲ್ಲಿ. ಬೆಟ್ಟದ್ದಕ್ಕೆ ಹಿಮ್ಮಡೀನೂ ಬಿಗೀತಾರೆ!"

"ಮೊದ್ಲೇ ಹೇಳೋಕೇನಾಗಿತ್ತು?"

"ನಂಗೇನು ಗೊತ್ತು? ನಾನೂ ಬಯಲಿನವಳೇ. ಬಿದ್ದಾಗ ಹೊಳೀತು."

ಇಡೀ ಊರಲ್ಲಿ ಒಬ್ಬರಿಗೂ ಬೆಟ್ಟದ ಸ್ಕೀ ಗುರುತಿಲ್ಲ. ಇದೇ ನೆಪ ಸಾಕು, ಮನೆಗೆ ಹೋಗೋಣ ಎಂದೆ. ಅವನು ಆಗಲೇ ಮತ್ತೆ ಮೇಲೆ ಹತ್ತುತ್ತಿದ್ದ. ಈ ಸಲ ಮಂಡಿ ಬಗ್ಗಿಸಿ ಕೂತ ಹಾಗೆ ಬಂದ, ನೇರವಾಗಿ ತಂತಿಬೇಲಿಯ ಕಡೆಗೆ. ಬೇಲಿ ಅವನ ಕಣ್ಣಿನ ನಡುವಿನಲ್ಲಿತ್ತು, ಅಂದರೆ ಕಾಣುವುದಿಲ್ಲ. ನನಗೆ ಕನಸು ನೆನಪಾಯಿತು. ಆಮೇಲೆ ನನಗೇ ಗೊತ್ತಿಲ್ಲದ ಹಾಗೆ ಬಾಯಿಂದ ಬಂದದ್ದು ಕರ್ಲಿಂಗ್ ಅಂಗಳದಲ್ಲಿ ನಮ್ಮ ತಂಡಕ್ಕೆ ಕೂಗುವ ಕೂಗು.

"ಬಿಡೂ!"

ತಟ್ಟನೆ ಕುಳಿತುಬಿಟ್ಟ. ಬೇಲಿಗೆ ಎರಡು ಮಾರು ಇತ್ತು.

ನಾಳೆ ಮಿರೇಯ್‌ಗೆ ಫೋನ್ ಮಾಡಿ ಬೇಡವೆಂದು ಹೇಳಬೇಕು.

ಫೆಬ್ರವರಿ 3

ಫೋನ್ ಮಾಡಲಿಲ್ಲ, ಕ್ಯಾಂಟೀನಿನಲ್ಲಿ ಗದ್ದಲ ಇತ್ತು. ಅವನ ಮೂಗು ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಬೆಣ್ಣೆ ಸವರುತ್ತಿದ್ದೆ, ಹಾಗೇ ಹೇಳಿದ:

"ಮೂವತ್ತು ವರ್ಷ ನಿನ್ ತಂಡದಲ್ಲಿ ಗುಡಿಸಿದೀನಿ ಆಲ್ವಿ. ಒಂದ್ಸಲಾನಾದ್ರೂ ನಾನು ಗುರಿ ನೋಡಿದ್ದುಂಟಾ?"

ನೋಡಿಲ್ಲ. ಯಾರೂ ನೋಡುವುದಿಲ್ಲ. ಕಲ್ಲು ಮಂಜುಗಡ್ಡೆಯ ಮೇಲೆ ಜಾರುತ್ತಾ ಬರುವಾಗ ಗುಡಿಸುವವರು ತಲೆ ಬಗ್ಗಿಸಿ ಕಲ್ಲಿನ ಮುಂದೆ ಪೊರಕೆ ಉಜ್ಜುತ್ತಾ ಓಡುತ್ತಾರೆ. ಆ ತುದಿಯಲ್ಲಿ ನಿಂತು ಗೆರೆ ನೋಡುವವಳು ನಾನು. ಗುಡಿಸಿದಷ್ಟೂ ಕಲ್ಲು ಮುಂದೆ ಹೋಗುತ್ತದೆ. ಗುಡಿಸು ಎಂದರೆ ಗುಡಿಸುತ್ತಾರೆ, ಬಿಡು ಎಂದರೆ ಪೊರಕೆ ಎತ್ತುತ್ತಾರೆ.

"ನಾನು ಕುರುಡನಾಗಿ ಮೂವತ್ತು ವರ್ಷ ಆಯ್ತು ಬಿಡು" ಎಂದು ನಕ್ಕ. ನಾನು ನಗಲಿಲ್ಲ. ಬೆಣ್ಣೆ ಇನ್ನೂ ಸ್ವಲ್ಪ ಸವರಿದೆ.

ಫೆಬ್ರವರಿ 11

ಐದು ಸಲ ಹೋಗಿದ್ದೇವೆ. ಗುಡಿಸು ಅಂದರೆ ಹೋಗು. ಬಿಡು ಅಂದರೆ ನಿಲ್ಲು. ಎಡಕ್ಕೆ 'ಬಾಗಿಲು', ಬಲಕ್ಕೆ 'ಕಿಟಕಿ', ನಮ್ಮ ಅಡುಗೆಮನೆಯ ಮೇಜಿಗೆ ಅವನು ಕೂರುವ ಕಡೆಯಿಂದ ನೋಡಿದಂತೆ. ಅವನೇ ಮಾಡಿದ್ದು. ಎಡ ಬಲ ಎಂದರೆ ಗಾಬರಿಯಲ್ಲಿ ನಾನೇ ತಪ್ಪಿ ಹೇಳುತ್ತೇನೆ.

ಕೆಳಗೆ ನಿಂತು ಕೂಗಿದರೆ ಗಾಳಿ ದನಿಯನ್ನು ಹೊತ್ತೊಯ್ಯುತ್ತದೆ. ಸ್ವಲ್ಪ ಹತ್ತಿರವಿದ್ದರೆ ಒಳ್ಳೆಯದು. ಎರಡನೇ ಜೊತೆ ಹೇಗೂ ಗ್ಯಾರೇಜಿನಲ್ಲಿ ಬಿದ್ದಿತ್ತು. ಹಾಕಿಕೊಂಡರೆ ಹೇಗಿರುತ್ತದೆ ಎಂದು ನೋಡಲು ಹಾಕಿಕೊಂಡೆ. ಅಷ್ಟೇ. ಮೂರು ಸಲ ಬಿದ್ದೆ. ಬರ್ನೀಸ್ "ನೆಲ ಅದುರ್ತು ಕಣೇ, ಧಾನ್ಯದ ರೈಲು ಬಂತೇನೋ ಅಂದ್ಕೊಂಡೆ" ಎಂದಳು. ನಾಲ್ಕನೇ ಸಲ ನೆಸ್ಟರ್‌ನ ಮುಂದೆ ಮುಂದೆ ಕೂಗಿಕೊಂಡು ಕೆಳಗಿನವರೆಗೆ ಬಂದೆ. ಅವನೂ ಬಂದ.

ಚಳಿ ಎಷ್ಟಿತ್ತೋ, ನೋಡಲು ಮರೆತೆ.

ಫೆಬ್ರವರಿ 17

ಮಿರೇಯ್ ಕಳಿಸಿದ ಅರ್ಜಿ ಬಂತು, ಒಂದು ನೆಸ್ಟರ್‌ದು, ಒಂದು ಖಾಲಿ. ನಾನು ಫೋನಿನಲ್ಲಿ ನಾವು ಹೇಗೆ ಅಭ್ಯಾಸ ಮಾಡುತ್ತೇವೆಂದು ಹೇಳಿದ್ದೆ. ಅವಳು "ಹಾಗಾದ್ರೆ ಹಿಂದೆ ಹಗ್ಗ ನಾನು ಹಿಡೀತೀನಿ, ಮುಂದೆ ದನಿ ನಿಮ್ಮದಿರಲಿ. ಮೊದಲು ನೀವೊಬ್ಬರೇ ಇಳಿದು ತೋರಿಸಬೇಕು" ಎಂದಿದ್ದಳು. ನೋಡೋಣ ಎಂದಿದ್ದೆ. ಹೂಂ ಅಂದಿಲ್ಲ.

ಸುಮ್ಮನೆ ಇರಲಿ ಎಂದು ಖಾಲಿಯದನ್ನೂ ತುಂಬಿದೆ. ವಯಸ್ಸು 61. ಎತ್ತರ ಐದಡಿ ನಾಲ್ಕಿಂಚು. ಬೂಟಿನ ಅಳತೆ 8. ತೂಕದ ಹತ್ತಿರ ಪೆನ್ನು ನಿಂತಿತು. ನೆಸ್ಟರ್ ಎದುರಿಗೇ ಕೂತಿದ್ದ.

"ಏನ್ ಬರೆದೆ?"

"ನಿಂದಾ? ನೂರ ಎಪ್ಪತ್ತೊಂದು. ಮೂರು ಸಲ ತೂಗಿಲ್ವಾ?"

"ನಿಂದು?"

"ಬರೆದೆ ಬಿಡು."

150 ಎಂದು ಬರೆದೆ. ಮದುವೆಯ ವರ್ಷ ಅಷ್ಟಿತ್ತು. ಯಾರು ನೋಡುತ್ತಾರೆ? ನಾನು ಬೆಂಕಿ ಹತ್ತಿರ ಕೂರುವವಳು.

ಫೆಬ್ರವರಿ 24

ಕಣ್ಣು ತೋರಿಸಲು ಸಾಸ್ಕಟೂನಿಗೆ ಹೋಗಿ ಬಂದೆವು. ಎಡಗಣ್ಣಿನ ನಡುವೂ ಹೋಗಿದೆ. ಡಾಕ್ಟರು ಒಳ್ಳೆಯವರು, ನಿಧಾನವಾಗಿ ಹೇಳಿದರು. ವಾಪಸು ಬರುವಾಗ, ಊರು ಹತ್ತಿರವಾದಾಗ ಅವನು ಹೇಳಿದ:

"ಆ ಹೆಂಗಸಿಗೆ ಫೋನ್ ಮಾಡ್ಬಿಡು ಆಲ್ವಿ. ಬರಲ್ಲ ಅಂತ ಹೇಳು."

ಎರಡು ತಿಂಗಳಿಂದ ಈ ಮಾತಿಗೇ ಕಾಯುತ್ತಿದ್ದೆ.

ಫೆಬ್ರವರಿ 25

ಫೋನ್ ಮಾಡಿದೆಯಾ ಎಂದು ಕೇಳಿದ. ನಂಬರು ಸಿಗುತ್ತಿಲ್ಲ ಎಂದೆ. ನಂಬರು ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿದೆ.

ಫೆಬ್ರವರಿ 26

ಮತ್ತೆ ಕೇಳಿದ. ಇವತ್ತು ಅವರಿಗೆ ರಜೆ ಎಂದೆ. ಅವನ ಬೂಟಿನ ಒಳಗಿನ ಉಣ್ಣೆ ಕಾಲುಚೀಲದ ತೂತು ಹೊಲಿದೆ. ನನ್ನದೂ ಒಂದು ಜೊತೆ ಹೊಲಿದೆ.

ಫೆಬ್ರವರಿ 28

ಮಧ್ಯಾಹ್ನ ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಮೂರು ದಿನದಿಂದ ಹೀಗೇ. ನನಗೆ ಸಿಟ್ಟು ಬಂತು. ಕೋಟು ತಂದು ಮಡಿಲಿಗೆ ಹಾಕಿದೆ.

"ಏಳು. ಗುಡ್ಡಕ್ಕೆ ಹೋಗೋಣ."

"ಯಾಕೆ? ನಂಗೇನೂ ಕಾಣಲ್ಲ."

"ಯಾವಾಗ ಕಂಡಿತ್ತು ನಿಂಗೆ? ಮೂವತ್ತು ವರ್ಷ ಕುರುಡ ಅಂತ ನೀನೇ ಹೇಳಿದ್ದು. ಏಳೋ!"

"ನೀನಾ ಹೇಳ್ತಿರೋದು? ಕಾಲು ಮುರೀತದೆ, ಮರಕ್ಕೆ ಹೊಡೀತೀಯ ಅಂತಿದ್ದವಳು?"

"ಮುರಿದ್ರೆ ಮುರೀಲಿ, ಕಟ್ಟಿಸ್ತೀನಿ. ಏಳು ಅಂದೆ."

ಯಾಕೆ ಹಾಗೆ ಕೂಗಾಡಿದೆನೋ. ಅವನು ಎದ್ದ. ಕಸದ ಗುಡ್ಡವನ್ನು ಹನ್ನೊಂದು ಸಲ ಇಳಿದೆವು. ಕೊನೆಯ ಸಲ ಕೆಳಗೆ ಬಂದಾಗ ನನ್ನ ತೋಳು ಹುಡುಕಿ ಹಿಡಿದುಕೊಂಡು ಕೇಳಿದ: "ಫೋನ್ ಮಾಡಿಲ್ಲ ಅಲ್ವಾ?"

"ಇಲ್ಲ."

"ಮಾಡ್ಬೇಡ."

ಮಾರ್ಚ್ 2

ನಾಳೆ ಬೆಳಿಗ್ಗೆ ಹೊರಡುವುದು. ದಾರಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡರೆ ಇರಲೆಂದು ಕಾರಿನಲ್ಲಿ ಮೇಣದಬತ್ತಿ, ಬೆಂಕಿಪೊಟ್ಟಣ, ಕಾಫಿ ಡಬ್ಬ, ಎರಡು ಕಂಬಳಿ, ಸಲಿಕೆ, ಮರಳಿನ ಚೀಲ. ಪೆರೋಗಿ ಒಂದು ಡಬ್ಬ. ಬರ್ನೀಸ್ ಬೆಕ್ಕಿಗೆ ಊಟ ಹಾಕುತ್ತಾಳೆ. "ಇಬ್ಬರೂ ಕಾಲು ಮುರ್ಕೊಂಡು ಬಂದ್ರೆ ನಾನು ಸೂಪ್ ಮಾಡಲ್ಲ, ಈಗಲೇ ಹೇಳ್ತೀನಿ" ಎಂದವಳು ಸಂಜೆ ಒಂದು ಬಿಸ್ಕತ್ತಿನ ಡಬ್ಬ ತಂದು ಸೀಟಿನ ಮೇಲಿಟ್ಟು ಹೋದಳು.

ಮಾರ್ಚ್ 3

ಬೆಟ್ಟ ಕಂಡಿತು. ಮೊದಲು ಮೋಡ ಎಂದುಕೊಂಡೆ. ಮೋಡ ಕದಲಬೇಕಲ್ಲ, ಕದಲಲಿಲ್ಲ. ನೆಸ್ಟರ್‌ಗೆ ಹೇಗೆ ಹೇಳಲಿ ಎಂದು ಹತ್ತು ಮೈಲಿ ಒದ್ದಾಡಿದೆ. ಹೇಳಿದರೆ ಹುಡುಕುತ್ತಾನೆ, ಕಾಣದಿದ್ದರೆ?

"ಬಂತು" ಎಂದೆ. "ಎದುರಿಗೇ ಇದೆ."

ಅವನು ಎದುರಿಗೆ ನೋಡಿದ. ತಲೆ ಅಲ್ಲಾಡಿಸಿದ. ಆಮೇಲೆ ನಿಧಾನವಾಗಿ ಮುಖವನ್ನು ಎಡಕ್ಕೆ, ಕಾರು ಓಡಿಸುತ್ತಿದ್ದ ನನ್ನ ಕಡೆ ತಿರುಗಿಸಿದ. ಕಣ್ಣಿನ ಬಲ ಅಂಚಿಗೆ ಬೆಟ್ಟ ಬರುವಷ್ಟು ತಿರುಗಿಸಿ, ಹಾಗೇ ನಿಲ್ಲಿಸಿದ.

"ಓ" ಎಂದ.

"ಕಾಣ್ತಾ?"

"ಮಾತಾಡ್ಬೇಡ. ಕಾಣ್ತಿದೆ." ಒಂದು ಗಂಟೆ ಹಾಗೇ ಕೂತಿದ್ದ. "ತಮಾಷೆ ನೋಡು, ಬೆಟ್ಟ ನೋಡ್ಬೇಕು ಅಂದ್ರೆ ನಿನ್ ಕಡೆ ಮುಖ ಮಾಡ್ಬೇಕು."

ದಾರಿಯಲ್ಲಿ ಎರಡು ಕಡೆ ಮಂಜುಗಡ್ಡೆ ಇತ್ತು. ಚೆನ್ನಾಗಿಯೇ ಓಡಿಸಿದೆ.

ಮಾರ್ಚ್ 4, ಬೆಳಿಗ್ಗೆ

ಸ್ಕೀ ಕೊಡುವ ಕೋಣೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೂಟು ಕಬ್ಬಿಣದ ಹಾಗಿದೆ. ಬೆಂಕಿ ಪಕ್ಕದ ಕೋಣೆಯಲ್ಲಿದೆ, ಚೆನ್ನಾಗಿ ಉರಿಯುತ್ತಿದೆ, ಯಾರೂ ಕೂತಿಲ್ಲ. ಬೆಳಿಗ್ಗೆ ಎಂಟಕ್ಕೆ ಮಿರೇಯ್ ಸಾಲಿನಲ್ಲಿದ್ದ ಯಾವುದೋ ಸ್ಕೀ ಹಾಕಿಸಿ ನನ್ನನ್ನು ಒಬ್ಬಳನ್ನೇ ಇಳಿಸಿ ನೋಡಿದಳು. ತೀರಾ ಮೆಲ್ಲಗೆ, ಹಲಗೆಗಳ ಮೂತಿ ಕೂಡಿಸಿಕೊಂಡು, ಬಾಗಿಲು ಕಿಟಕಿ ಎಂದು ಕೂಗಿಕೊಂಡು, ಆರು ಸಲ. ಬೀಳಲಿಲ್ಲ. ಆರನೆಯ ಸಲ ಎಡಗಡೆಯ ಹಲಗೆ ತಾನಾಗಿಯೇ ಕಳಚಿಕೊಂಡಿತು. "ಅದು ಹಗುರ ಇರೋ ಬೇರೆ ಯಾರಿಗೋ ಬಿಗಿ ಮಾಡಿದ್ದು. ನಿಮ್ಮದನ್ನ ನಿಮ್ಮ ಅರ್ಜಿ ನೋಡಿ ಬಿಗಿ ಮಾಡ್ತೀನಿ" ಎಂದು ನಕ್ಕಳು. "ದನಿ ಅಂದ್ರೆ ಇದು. ಆ ತಪ್ಪಲಿಗೂ ಕೇಳಿಸ್ತು."

ನೆಸ್ಟರ್‌ಗೆ ಕಿತ್ತಳೆ ಅಂಗಿ ಹಾಕಿಸಿದ್ದಾರೆ. ಪಕ್ಕದಲ್ಲಿ ಕೂತು ಬೂಟಿನಿಂದ ನೆಲ ಕುಟ್ಟುತ್ತಿದ್ದಾನೆ. ಮಿರೇಯ್ ನಮ್ಮ ಅರ್ಜಿ ಹಿಡಿದು ಗಲ್ಲಾದ ಹಿಂದೆ ಕೊಂಡಿ ಬಿಗಿ ಮಾಡುತ್ತಿದ್ದಾಳೆ. ಹಗುರದವರಿಗೆ ಬಿಗಿ ಮಾಡಿದ್ದು ಕಳಚಿಕೊಂಡಿತು. ನನ್ನದನ್ನೂ ಆ 150 ನೋಡಿಯೇ ಬಿಗಿ ಮಾಡುತ್ತಾಳೆ.

ಅರ್ಧ ದಾರಿಯಲ್ಲಿ ಕಳಚಿಕೊಂಡರೆ ನಾನು ಅಲ್ಲೇ ಕೂರುತ್ತೇನೆ. ಅವನು ಹೋಗುತ್ತಲೇ ಇರುತ್ತಾನೆ. ನನ್ನ ದನಿ ಅವನ ಹಿಂದೆ ಉಳಿದುಹೋಗುತ್ತದೆ.

ಹೋಗಿ ಹೇಳಿ ಬಂದೆ. ಸಾಲಿನಲ್ಲಿ ಹನ್ನೆರಡು ಜನ ಇದ್ದರು. ಮೆಲ್ಲಗೆ ಹೇಳೋಣವೆಂದುಕೊಂಡೆ, ನನಗೆ ಮೆಲ್ಲಗೆ ಬರುವುದಿಲ್ಲ. "ಅದು ಸುಳ್ಳು ಬರೆದಿದ್ದೀನಮ್ಮ. ನೂರ ಎಂಬತ್ತೆರಡು" ಎಂದೆ. ಇಡೀ ಕೋಣೆಗೆ ಕೇಳಿಸಿತು. ಮಿರೇಯ್ ನಗಲಿಲ್ಲ. 150 ಹೊಡೆದುಹಾಕಿ ಪಕ್ಕದಲ್ಲಿ ಬರೆದುಕೊಂಡಳು. ಬೆಂಚಿಗೆ ಬಂದು ಕೂತರೆ ನೆಸ್ಟರ್ ಗೋಡೆಯ ಕಡೆ ಮುಖ ಮಾಡಿದ್ದ. ಅಂದರೆ ನನ್ನನ್ನೇ ನೋಡುತ್ತಿದ್ದ.

"ಹಾಸಿಗೆ ಯಾವ ಕಡೆ ತಗ್ಗು ಅಂತ ನಂಗೆ ಗೊತ್ತಿಲ್ವೇನೇ?" ಎಂದ. ನನ್ನ ಕೈಗವಸಿನ ಮೇಲೆ ಅವನ ಕೈಗವಸು ಇಟ್ಟ.

ಸ್ಕೀ ತಂದು ಮುಂದಿಟ್ಟಿದ್ದಾರೆ. ಹೊರಗೆ ಬಿಸಿಲು. ಚಳಿ ಎಷ್ಟಿದೆ ಎಂದು ಕೇಳಿಲ್ಲ. ಮಿರೇಯ್ "ಹೊರಡೋಣವಾ?" ಎನ್ನುತ್ತಿದ್ದಾಳೆ. ಒಂದೇ ನಿಮಿಷ ಎಂದಿದ್ದೇನೆ. ಅವಳು ಬರೆದುಕೊಂಡಿದ್ದು ಎಂಟೋ ಮೂರೋ, ಇಲ್ಲಿಂದ ಸರಿಯಾಗಿ ಕಾಣುತ್ತಿಲ್ಲ. ಡೈರಿ ಮುಚ್ಚುವ ಮೊದಲು ಕೂಗಿ ಕೇಳಿದೆ:

"ಮಿರೇಯ್, ನಂದು ಇನ್ನೊಂದ್ಸಲ ನೋಡ್ತೀಯಾ? ಒಂದು, ಎಂಟು, ಎರಡು."